ಹಾವು ಕಡಿದ ಕಾಲಿಗೂ ಸ್ಕ್ಯಾನ್

ಸಂಘದ ಅಕ್ಕ-ತಂಗಿಯರೇ,

ಯಾದಗಿರಿ, ಶಹಾಪುರ, ಸುರಪುರದ ಹೊಲ-ಗದ್ದೆಗಳಲ್ಲಿ ಕಳೆ ತೆಗೆಯೋರು ಹೆಚ್ಚಾಗಿ ಹೆಣ್ಣುಮಕ್ಕಳೇ. ಕೊಳಕುಮಂಡಲ ಕಡಿದರೆ ಕಾಲು ವಿಪರೀತ ಬಾಯುತ್ತದೆ. ಆಗ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ, ಬಸುರಿಯರಿಗೆ ಮಾಡುವಂಥ ಸ್ಕ್ಯಾನನ್ನೇ ಮಂಚದ ಹತ್ತಿರ ತಂದು ಕಾಲಿಗೆ ಮಾಡುತ್ತಾರೆ. ಬಾವು ಚರ್ಮದ ಕೆಳಗಷ್ಟೇ ಇದೆಯೋ, ಮಾಂಸಖಂಡಕ್ಕೂ ಇಳಿದಿದೆಯೋ, ರಕ್ತ ಸರಿಯಾಗಿ ಹರಿಯುತ್ತಿದೆಯೋ ನೋಡುತ್ತಾರೆ. ಬೇಡದ ಆಪರೇಷನ್ ತಪ್ಪಿಸಲು ಇದು ನೆರವಾಗುತ್ತದೆ.

ಆದರೆ ಸ್ಕ್ಯಾನ್ ವಿಷ ಇಳಿಸೋದಿಲ್ಲ. ವಿಷಕ್ಕೆ ಮದ್ದು ಪ್ರತಿವಿಷದ ಇಂಜೆಕ್ಷನ್ ಒಂದೇ. ಆದ್ದರಿಂದ ಹಗ್ಗ ಬಿಗಿಯಬೇಡ್ರಿ, ಗಾಯ ಕೊಯ್ಯಬೇಡ್ರಿ, ಮಂತ್ರ ಹಾಕಿಸುತ್ತ ಹೊತ್ತು ಕಳೀಬೇಡ್ರಿ. ಕಾಲುಂಗುರ ತೆಗೆಯಲು ಹಿಂಜರಿಯಬೇಡ್ರಿ. ಬಾವು ಏರಿದರೆ ಅದೇ ಬೆರಳು ಕಚ್ಚುತ್ತದೆ. ಕಾಲು ಅಲುಗದಂತೆ ಮಲಗಿಸಿ 108ಕ್ಕೆ ಫೋನ್ ಮಾಡ್ರಿ.

ರಾತ್ರಿ ಗಾಡಿ ಬಾಡಿಗೆಗೆ ರೊಕ್ಕ ಇಲ್ಲವೆಂದು ಯಾರೂ ಬೆಳಗಿನ ತನಕ ಕಾಯಬಾರದು. ತುರ್ತು ಸಾಲ ಆಗಿಂದಾಗಲೇ ಕೊಡಲು ಈ ವಾರದ ಸಭೆಯಲ್ಲೇ ಠರಾವು ಬರೆಯೋಣ.