ಕಿಂಡಿಯಾಚೆಯ ವೈದ್ಯಸಹಾಯಕ
(ಬಾನುಲಿ ಭಾಷಣ)

ಭಟ್ಕಳದ ಕಡೆಯಲ್ಲಿ ಅರುವತ್ತು ದಾಟಿದವರ ನೆನಪಿನಲ್ಲಿ ವೈದ್ಯರಿಗಿಂತಲೂ ಸ್ಪಷ್ಟವಾಗಿ ಉಳಿದಿರುವ ಮುಖವೊಂದುಂಟು, ಅದು ಕಂಪೌಂಡರರದು. ದವಾಖಾನೆಯ ಒಳಕೋಣೆಯಲ್ಲಿ ವೈದ್ಯರು ನಾಡಿ ನೋಡಿ ಚೀಟಿ ಬರೆಯುತ್ತಿದ್ದರು. ಹೊರಗೆ, ಸಣ್ಣದೊಂದು ಕಿಂಡಿಯ ಹಿಂದೆ ನಿಂತ ಕಂಪೌಂಡರರು ಮಿಕ್ಸ್ಚರು ಬೆರೆಸಿ, ನಾವು ಮನೆಯಿಂದ ಒಯ್ದ ಬಾಟಲಿಗೆ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದ ನನ್ನ ಅಜ್ಜಿಗೂ ಆ ಲೆಕ್ಕ ತಪ್ಪುತ್ತಿರಲಿಲ್ಲ.

ವೈದ್ಯರ ಮುಂದೆ ಕುಳಿತರೆ ಅಜ್ಜಿಗೆ ಮಾತೇ ಹೊರಡುತ್ತಿರಲಿಲ್ಲ. ಕಿಂಡಿಯ ಬಳಿ ಬಂದೊಡನೆ ಎಲ್ಲವೂ ನೆನಪಾಗುತ್ತಿತ್ತು. ಒಮ್ಮೆ, “ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕಾಗುತ್ತದೆ” ಎಂದಳು. ಕಂಪೌಂಡರರು ಬಾಟಲಿಯನ್ನು ಕೆಳಗಿಟ್ಟರು. “ಇದನ್ನು ಒಳಗೆ ಹೇಳಿದಿರಾ, ಅಮ್ಮ?” ಎಂದು ಕೇಳಿದರು. ಅಜ್ಜಿ ಹೇಳಿರಲಿಲ್ಲ. “ಇದು ನನ್ನ ಕೈಯ ಔಷಧಕ್ಕೆ ಬಗ್ಗುವುದಲ್ಲ, ಬನ್ನಿ” ಎಂದು ತಾವೇ ಅವಳನ್ನು ಮತ್ತೆ ಒಳಗೆ ಕರೆದೊಯ್ದರು. ವೈದ್ಯರು ಪರೀಕ್ಷಿಸಿ, ಸುಮಾರು 90 ಕಿಲೋಮೀಟರು ದೂರದ ಮಣಿಪಾಲಕ್ಕೆ ಬರೆದುಕೊಟ್ಟರು. ಹೃದಯದ ದೌರ್ಬಲ್ಯವೆಂದು ಅಲ್ಲಿ ತಿಳಿಯಿತು. ಅಜ್ಜಿ ಮತ್ತೂ ಆರು ಮಳೆಗಾಲಗಳನ್ನು ಕಂಡಳು.

ಸಹಾಯಕನಾದವನಿಗೆ ಬೇಕಾದ ಎರಡು ಗುಣಗಳು ಈ ಪ್ರಸಂಗದಲ್ಲಿವೆ: ಕೇಳುವ ತಾಳ್ಮೆ ಮತ್ತು ತನ್ನ ಎಲ್ಲೆಯ ಅರಿವು. ನಮ್ಮ ಕಂಪೌಂಡರರು ಇವನ್ನು ಅನುಭವದಿಂದ ಕಲಿತಿದ್ದರು. ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜಿನ್ ಸ್ಟೆಡ್ ಎಂಬ ವೈದ್ಯರು 1965ರಲ್ಲಿ ಇಂಥ ಕೆಲಸಕ್ಕೆ ಕ್ರಮಬದ್ಧ ಶಿಕ್ಷಣವನ್ನು ಆರಂಭಿಸಿದರು. ನೌಕಾಪಡೆಯಲ್ಲಿ ಚಿಕಿತ್ಸೆಗೆ ನೆರವಾಗಿ ಪಳಗಿದ್ದವರೇ ಅವರ ಮೊದಲ ವಿದ್ಯಾರ್ಥಿಗಳು. ನಮ್ಮ ದೇಶದಲ್ಲಿ ಈ ಶಿಕ್ಷಣ 1992ರಲ್ಲಿ ಮದರಾಸಿನಲ್ಲಿ ಮೊದಲಾಯಿತು. 2021ರ ಕಾಯಿದೆ ಈ ವೃತ್ತಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು. 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಹಳ್ಳಿಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಗೆ ಇಂದು ಅನೇಕರು ಮೊದಲು ಕಾಣುವುದು ಇವರನ್ನೇ.

ಆದರೆ ಇಲ್ಲೊಂದು ಹಳೆಯ ಪ್ರಶ್ನೆಯುಂಟು. ಬ್ರಿಟಿಷರ ಕಾಲದಲ್ಲಿ ಕಡಿಮೆ ಅವಧಿಯ ವ್ಯಾಸಂಗ ಮುಗಿಸಿದ ಎಲ್.ಎಂ.ಪಿ. ವೈದ್ಯರಿದ್ದರು. 1946ರ ಭೋರ್ ಸಮಿತಿಯ ಬಹುಮತ, ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯನಿರಲಿ ಎಂದಿತು. ಕೆಲವು ಸದಸ್ಯರು ಒಪ್ಪಲಿಲ್ಲ. ಎರಡು ಪಕ್ಷಗಳಲ್ಲಿಯೂ ಸತ್ಯವಿದೆ. ಪಟ್ಟಣದವನಿಗೆ ಪೂರ್ಣವೈದ್ಯ, ಹಳ್ಳಿಯವನಿಗೆ ಅರೆವೈದ್ಯ ಎಂಬುದು ನ್ಯಾಯವಲ್ಲ. ಪೂರ್ಣವೈದ್ಯ ಬರುವ ತನಕ ಯಾರೂ ಇಲ್ಲದಿರುವುದೂ ನ್ಯಾಯವಲ್ಲ.

ಸಹಾಯಕನ ಹಿಂದೆ ವೈದ್ಯನಿದ್ದು, ಅವರಿಬ್ಬರ ನಡುವಿನ ದಾರಿ ತೆರೆದಿದ್ದರೆ ಮಾತ್ರ ಈ ತೊಡಕು ಬಿಡಿಸೀತು. ಬಿಳಿ ಅಂಗಿ ತೊಟ್ಟವರೆಲ್ಲ ರೋಗಿಗೆ ವೈದ್ಯರಾಗಿಯೇ ತೋರುತ್ತಾರೆ. ಆದುದರಿಂದ ಸಹಾಯಕನು ತಾನು ಯಾರೆಂಬುದನ್ನು ಮೊದಲೇ ತಿಳಿಸಬೇಕು. ರೋಗಿಯೂ ಸಂಕೋಚವಿಲ್ಲದೆ ಕೇಳಬೇಕು. “ಇದು ನನ್ನಿಂದಾಗದು” ಎಂದು ಹೇಳಬಲ್ಲ ಸಹಾಯಕನನ್ನು ನಾವು ಕಡೆಗಣಿಸಬಾರದು. ಅಂದು ನನ್ನ ಅಜ್ಜಿಯನ್ನು ಉಳಿಸಿದ್ದು ಆ ಒಂದು ಮಾತು.