ರಸ್ತೆ ಸರಿದಂತೆ ಸರಿಯುವ ಹೋಟೆಲ್‌ಗಳು

ಬೆಂಗಳೂರಿನ ಹೆಬ್ಬಾಳದಿಂದ ಉತ್ತರಕ್ಕೆ ಹೊರಟವರಿಗೆ ಎರಡು ದಾರಿಗಳಿವೆ. ಮೇಲ್ರಸ್ತೆ ಹತ್ತಿದರೆ ವಿಮಾನ ನಿಲ್ದಾಣದ ಕಡೆಗೆ ಒಂದೇ ಓಟ, ನಡುವೆ ನಿಲ್ಲುವ ಮಾತಿಲ್ಲ. ಕೆಳಗಿನ ಸರ್ವಿಸ್ ರಸ್ತೆ ಹಿಡಿದರೆ ಕೊಡಿಗೇಹಳ್ಳಿ ಗೇಟ್, ಬ್ಯಾಟರಾಯನಪುರ, ಜಕ್ಕೂರು, ಕೋಗಿಲು ಕ್ರಾಸ್. ತಿಂಡಿ ಸಿಗುವುದು ಈ ಕೆಳಗಿನ ದಾರಿಯಲ್ಲಿ. ಇಲ್ಲೊಂದು ಹೋಟೆಲ್ ಯಾಕೆ ತೆರೆಯಿತು, ಯಾಕೆ ಬಾಗಿಲು ಹಾಕಿತು ಎಂದು ತಿಳಿಯಬೇಕಾದರೂ ಇಲ್ಲೇ ಇಳಿದು ನಡೆಯಬೇಕು. ನಾನು ಕಂಡಂತೆ ರುಚಿ ಕೆಟ್ಟು ಮುಚ್ಚಿದವು ಕಡಿಮೆ. ರಸ್ತೆ ಬದಲಾಗಿ, ಜಾಗದ ಬೆಲೆ ಏರಿ, ಗಿರಾಕಿ ಬೇರೆ ಕಡೆ ಹೋಗಿ ಮುಚ್ಚಿದವೇ ಹೆಚ್ಚು.

ಈ ಬಳ್ಳಾರಿ ರಸ್ತೆ ಮೊದಲು ಹೈದರಾಬಾದಿನ ಲಾರಿಗಳ ರಸ್ತೆ. ಮುದ್ದೆ, ಸಾರು, ಮುಂದೆ ಒಂದಿಷ್ಟು ಬಯಲು, ಲಾರಿ ನಿಲ್ಲಿಸಲು ಜಾಗ ಇದ್ದರೆ ಹೋಟೆಲ್ ನಡೆಯುತ್ತಿತ್ತು. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ರಸ್ತೆಯ ಎರಡೂ ಬದಿಯ ಸೈಟುಗಳ ಲೆಕ್ಕವೇ ಬದಲಾಯಿತು. 2014ರಲ್ಲಿ ಮೇಲ್ರಸ್ತೆ ಸಂಚಾರಕ್ಕೆ ತೆರೆದ ಮೇಲೆ ದೂರ ಹೋಗುವ ಗಿರಾಕಿ ಹೋಟೆಲಿನ ತಲೆಯ ಮೇಲಿಂದಲೇ ಹಾದುಹೋಗತೊಡಗಿದ. ಕಾರು ನಿಲ್ಲಿಸಿ ಮನೆಮಂದಿಯೆಲ್ಲ ಕೂತು ತಿನ್ನುವಂಥ ದೊಡ್ಡ ಹೋಟೆಲ್‌ಗಳು ಸಾದಹಳ್ಳಿ ಟೋಲ್‌ನ ಆಚೆ, ದೇವನಹಳ್ಳಿಯ ದಿಕ್ಕಿಗೆ ಹೋದವು. ಕೆಳಗೆ ಉಳಿದವು ದರ್ಶಿನಿಗಳು. ಅವು ಬದುಕಿರುವುದು ಪ್ರಯಾಣಿಕರಿಂದಲ್ಲ, ಸುತ್ತಲಿನ ಬಡಾವಣೆಯವರಿಂದ, ಬಸ್ಸಿಗೆ ಕಾಯುವವರಿಂದ, ಟ್ಯಾಕ್ಸಿ ಚಾಲಕರಿಂದ.

ಬೆಳಿಗ್ಗೆ ಆರರ ಹೊತ್ತಿಗೆ ಅಂಥದೊಂದು ದರ್ಶಿನಿಯ ಮುಂದೆ ನಿಂತು ನೋಡಿ. ಮಾಸ್ಟರ್ ಕಾವಲಿಗೆ ನೀರು ಚಿಮುಕಿಸಿ, ಗಿಡ್ಡ ಕಡ್ಡಿಪೊರಕೆಯಿಂದ ಒಂದೇ ಬೀಸಿಗೆ ಗುಡಿಸಿ, ಎಂಟು ದೋಸೆ ಸಾಲಾಗಿ ಹುಯ್ಯುತ್ತಾರೆ. ಕಾಫಿ ಕೌಂಟರಿನಲ್ಲಿ ಡಿಕಾಕ್ಷನ್ನಿನ ಮೊದಲ ಇಳಿತ. ರಾತ್ರಿಪಾಳಿ ಮುಗಿಸಿದ ಟ್ಯಾಕ್ಸಿಯವರು ಖಾರಾಬಾತಿನ ತಟ್ಟೆಯನ್ನು ಕಾರಿನ ಬಾನೆಟ್ ಮೇಲಿಟ್ಟು ತಿನ್ನುತ್ತಾರೆ. ಎದುರಿಗೆ ಮೆಟ್ರೊ ಕಾಮಗಾರಿಯ ತಗಡಿನ ಬೇಲಿ. ಬೇಲಿ ಒಂದು ಗಜ ಈಚೆ ಸರಿದರೆ ಆ ಕಾರು ನಿಲ್ಲಲು ಜಾಗವಿಲ್ಲ. ಕಾರು ನಿಲ್ಲದಿದ್ದರೆ ಆ ಖಾರಾಬಾತು ಖರ್ಚಾಗುವುದಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗ ಹೆಬ್ಬಾಳ, ಕೊಡಿಗೇಹಳ್ಳಿ, ಯಲಹಂಕ, ಬಾಗಲೂರು ಕ್ರಾಸ್ ಎಲ್ಲವನ್ನೂ ಹಾದು ಹೋಗುತ್ತದೆ. ಅದು ಮುಗಿದ ಮೇಲೆ ನಿಲ್ದಾಣದ ಬುಡದಲ್ಲಿ ವ್ಯಾಪಾರ ಕುದುರುವುದು ಖಂಡಿತ. ಅಲ್ಲಿಯವರೆಗೆ ಬಾಡಿಗೆ ಕಟ್ಟಿಕೊಂಡು ಯಾರು ನಿಲ್ಲುತ್ತಾರೆ ಎಂಬುದೇ ಪ್ರಶ್ನೆ. ನಿಲ್ಲಲಾಗದವರ ಷಟರ್ ಮೇಲೆ ‘ಹೋಟೆಲ್ ಸ್ಥಳಾಂತರಗೊಂಡಿದೆ’ ಎಂಬ ಫ್ಲೆಕ್ಸ್, ಒಂದು ಬಾಣದ ಗುರುತು, ಒಂದು ಮೊಬೈಲ್ ನಂಬರು. ಸಹಕಾರನಗರದ ಒಳರಸ್ತೆಗಳಿಗೋ ಯಲಹಂಕ ನ್ಯೂಟೌನಿಗೋ ಹೋದವರಿಗೆ ಹಳೆಯ ಗಿರಾಕಿಗಳಲ್ಲಿ ಎಲ್ಲರೂ ಸಿಗುವುದಿಲ್ಲ. ತಿಂಡಿಯ ಗಿರಾಕಿ ತಿಂಡಿಗೆಂದು ಬಹುದೂರ ಬರುವುದಿಲ್ಲ.

ಯಲಹಂಕಕ್ಕೆ ಮಾತ್ರ ಇನ್ನೊಂದು ಬಗೆಯ ಮುಚ್ಚುವಿಕೆ ಇದೆ. ಬೆಂಗಳೂರಿನ ದಕ್ಷಿಣದವರಿಗೆ ಇದರ ಬಿಸಿ ಗೊತ್ತಿಲ್ಲ. 1996ರಿಂದ ಇಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿದೆ, ಈಗ ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ. ಬಯಲಿಗೆ ಬಿದ್ದ ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹಾರುವ ವಿಮಾನಕ್ಕೆ ಹದ್ದು ಬಡಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಪಾಲಿಕೆ ಮಾಂಸ, ಮೀನಿನ ಮಾರಾಟವನ್ನೂ ಹೋಟೆಲಿನಲ್ಲಿ ಮಾಂಸಾಹಾರ ಬಡಿಸುವುದನ್ನೂ ನಿಷೇಧಿಸುತ್ತದೆ. 2023ರಲ್ಲಿ ವಾಯುನೆಲೆಯಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ನಿಷೇಧವಿತ್ತು. 2025ರಲ್ಲಿ ಅದು 13 ಕಿ.ಮೀ.ಗೆ ಹಿಗ್ಗಿ, ಜನವರಿ 23ರಿಂದ ಫೆಬ್ರುವರಿ 17ರವರೆಗೆ ನಡೆಯಿತು. 13 ಕಿ.ಮೀ. ಎಂದರೆ ಹೆಬ್ಬಾಳವೂ ಅದರೊಳಗೆ. ಪ್ರದರ್ಶನ ಐದು ದಿನ, ನಿಷೇಧ ಮೂರು ವಾರಕ್ಕೂ ಮೀರಿ.

ಕಾರಣವನ್ನು ನಾನು ಪೂರ್ತಿ ಒಪ್ಪುತ್ತೇನೆ. ಪೈಲಟ್‌ಗಳ ಜೀವಕ್ಕಿಂತ ನಾಟಿಕೋಳಿ ಸಾರು ದೊಡ್ಡದಲ್ಲ. ಆದರೆ ಮಿಲಿಟರಿ ಹೋಟೆಲಿನ ಬಾಡಿಗೆ ಆ ದಿನಗಳಲ್ಲಿ ನಿಲ್ಲುವುದಿಲ್ಲ. ಬಿರಿಯಾನಿ ಮಾಡುವವರು, ಸಪ್ಲೈಯರ್‌ಗಳು, ಪಾತ್ರೆ ತೊಳೆಯುವವರು ದಿನಗೂಲಿಯವರು. ಕೆಲವರು ಊರಿಗೆ ಹೋಗುತ್ತಾರೆ, ಹೋದವರೆಲ್ಲ ತಿರುಗಿ ಬರುವುದಿಲ್ಲ. ದೊಡ್ಡ ಹೋಟೆಲ್ ತಿಂಗಳ ನಷ್ಟ ತಡೆಯಬಲ್ಲದು. ಒಂದೇ ಷಟರಿನ, ಆರು ಮೇಜಿನ ಜಾಗಕ್ಕೆ ಅದು ಹೇಗೆ ಸಾಧ್ಯ? ಈ ನಷ್ಟದ ಲೆಕ್ಕ ಆದೇಶದಲ್ಲಿ ಎಲ್ಲೂ ಬರುವುದಿಲ್ಲ.

ಬಳ್ಳಾರಿ ರಸ್ತೆ ಬಿಟ್ಟು ಯಶವಂತಪುರಕ್ಕೆ ಬಂದರೆ, ಅಲ್ಲಿ ಹೋಟೆಲಿಗೆ ಅನ್ನ ಹಾಕಿದ್ದು ಎಪಿಎಂಸಿ ಯಾರ್ಡ್ ಮತ್ತು ರೈಲು ನಿಲ್ದಾಣ. ಹಮಾಲರಿಗೆ ನಸುಕಿನಲ್ಲೇ ಹೊಟ್ಟೆ ತುಂಬಬೇಕು. ಇಡ್ಲಿ ಎರಡಲ್ಲ, ನಾಲ್ಕು ಬೇಕು. ಕೊರೋನಾ ಕಾಲದಲ್ಲಿ ಈರುಳ್ಳಿ, ಆಲೂಗಡ್ಡೆಯ ವಹಿವಾಟನ್ನು ದಾಸನಪುರಕ್ಕೆ ಕಳಿಸಿದಾಗ ಆ ಹಸಿವೂ ಅತ್ತ ಹೊರಟಿತು. 2014ರ ಮಾರ್ಚ್ 1ರಂದು ಮೆಟ್ರೊ ಬಂದು ಕಚೇರಿಗೆ ಹೋಗುವವರನ್ನು ಈ ಕಡೆಗೆ ತಂದಿದ್ದು ನಿಜ, ಆದರೆ ಅವರ ಹಸಿವಿನ ಹೊತ್ತೂ ಬೇರೆ, ಬಯಸುವ ತಿಂಡಿಯೂ ಬೇರೆ.

ಇಲ್ಲಿಂದ ಮೆಟ್ರೊದಲ್ಲಿ ಕೆಲವೇ ನಿಲ್ದಾಣ ದೂರದ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನ್ಯೂ ಕೃಷ್ಣ ಭವನ ಇತ್ತು. 1954ರಲ್ಲಿ ಶುರುವಾದದ್ದು. ಕರಾವಳಿಯ ಅಡುಗೆಯನ್ನು ಹಳೇ ಮೈಸೂರಿನ ನಾಲಿಗೆಗೆ ಒಗ್ಗಿಸಿದ ಮನೆ ಅದು. ಹಸಿರು ಮಸಾಲೆ ಇಡ್ಲಿಗೆಂದೇ ಜನ ಬರುತ್ತಿದ್ದರು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಬಾಗಿಲು ಹಾಕಿತು. ಕೊನೆಯ ದಿನದವರೆಗೂ ಮೇಜುಗಳು ತುಂಬಿದ್ದವು. ಜಾಗ ಆಭರಣ ವ್ಯಾಪಾರದ ಸಂಸ್ಥೆಯೊಂದರ ಪಾಲಾಯಿತು. ತುಂಬಿದ ಹೋಟೆಲೂ ಮುಚ್ಚಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಥ ರಸ್ತೆಯಲ್ಲಿ ಒಂದು ಅಡಿ ನೆಲದ ಬೆಲೆಗೆ ಇಡ್ಲಿ ಮಾರಿ ಸಮ ಬರುವುದಿಲ್ಲ. ಕೆಲವರು ಇದನ್ನು ಮಾಲೀಕರ ತಪ್ಪೆಂದರು, ನನಗೆ ಹಾಗನ್ನಿಸಲಿಲ್ಲ. ಸ್ವಂತ ಆಸ್ತಿ ಮಾರುವುದು ಅವರ ಹಕ್ಕು. ಊರಿನ ಗುರುತಾಗಿದ್ದ ಒಂದು ಅಡುಗೆಮನೆಯನ್ನು ಉಳಿಸಿಕೊಳ್ಳಲು ಊರಿಗೆ ಯಾವ ಉಪಾಯವೂ ತೋಚಲಿಲ್ಲ ಎಂಬುದೇ ಬೇಸರದ ಸಂಗತಿ.

ಆರ್.ಟಿ. ನಗರದ ವಿಷಯ ಬೇರೆ. ಅಲ್ಲಿ ಹೋಟೆಲ್ ಹೋಗುವುದಿಲ್ಲ, ಬೋರ್ಡ್ ಹೋಗುತ್ತದೆ. ಅದೇ ಮಳಿಗೆ, ಅದೇ ಒಲೆ, ಹೊಸ ಅಡ್ವಾನ್ಸ್, ಹೊಸ ಹೆಸರು. ಬಿರಿಯಾನಿ ಹೋಗಿ ದೋಸೆ, ದೋಸೆ ಹೋಗಿ ಶವರ್ಮಾ. ಒಂದೇ ಮಳಿಗೆಯಲ್ಲಿ ಬಹುಕಾಲ ಉಳಿದವರು ಹೆಚ್ಚಾಗಿ ಕಟ್ಟಡವನ್ನೂ ಕೊಂಡವರೇ.

2025ರ ಸೆಪ್ಟೆಂಬರ್‌ನಿಂದ ಹೆಬ್ಬಾಳ, ಯಲಹಂಕದ ಭಾಗಕ್ಕೆ ಬೆಂಗಳೂರು ಉತ್ತರ ನಗರ ಪಾಲಿಕೆ ಎಂಬ ತನ್ನದೇ ಪಾಲಿಕೆ ಇದೆ. ಅದರಿಂದ ಆಗಬೇಕಾದ ಕೆಲಸ ಎರಡು. ಮುಂದಿನ ಏರೋ ಇಂಡಿಯಾ 2027ರಲ್ಲಿ ಬರಬೇಕು. ಅದಕ್ಕೆ ಮೊದಲು, ನಿಷೇಧದ ದಿನಗಳಿಗೆ ಸಣ್ಣ ಮಾಂಸಾಹಾರಿ ಹೋಟೆಲ್‌ಗಳ ಟ್ರೇಡ್ ಲೈಸೆನ್ಸ್ ಶುಲ್ಕದಲ್ಲಾದರೂ ವಿನಾಯಿತಿ ಕೊಡಲಿ, ದಿನಾಂಕವನ್ನು ತಿಂಗಳುಗಳ ಮುಂಚೆಯೇ ತಿಳಿಸಲಿ. ನೀಲಿ ಮಾರ್ಗದ ನಿಲ್ದಾಣಗಳಲ್ಲಿ ಮಳಿಗೆ ಹಂಚುವಾಗ, ಕಾಮಗಾರಿಯಿಂದ ಜಾಗ ಬಿಟ್ಟ ಹೋಟೆಲಿನವರಿಗೆ ಮೊದಲ ಅವಕಾಶ ಸಿಗುವಂತೆ ಮೆಟ್ರೊ ನಿಗಮದ ಬೆನ್ನು ಹತ್ತಲಿ. ಓದುಗರು ಮಾಡಬಹುದಾದದ್ದೂ ಇದೆ: ನಿಮ್ಮ ಹೋಟೆಲಿನ ಷಟರ್ ಮೇಲೆ ಆ ಫ್ಲೆಕ್ಸ್ ಕಂಡರೆ ನಂಬರಿಗೆ ಒಂದು ಫೋನ್ ಮಾಡಿ, ಹೊಸ ವಿಳಾಸ ಕೇಳಿ, ಒಂದು ಬೆಳಿಗ್ಗೆ ಅಲ್ಲಿಗೇ ಹೋಗಿ ತಿಂಡಿ ತಿನ್ನಿ.