ಅಂಕಿಯ ವಂಶಾವಳಿ

ಬೆಳಗಿನ ಆರೂವರೆ. ಗಾಂಧಿ ಬಜಾರಿನಲ್ಲಿ ಸೇವಂತಿಗೆ ಮಾಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದಾರೆ. ಕೃಷ್ಣರಾವ್ ಪಾರ್ಕಿನಲ್ಲಿ ನಡಿಗೆ ಮುಗಿಸಿದವರು ಹೋಟೆಲಿನ ಕಾಫಿಯ ಘಮ ದಾಟಿಕೊಂಡು, ಖಾಲಿ ಹೊಟ್ಟೆಯಲ್ಲಿ ಪಕ್ಕದ ರಸ್ತೆಯ ಲ್ಯಾಬಿನ ಮೆಟ್ಟಿಲು ಹತ್ತುತ್ತಾರೆ. ಒಳಗೆ ಕುರ್ಚಿಗಳ ಸಾಲು, ಕೈಯಲ್ಲಿ ಟೋಕನ್, ಗೋಡೆಯಲ್ಲಿ ರಾಯರ ಕ್ಯಾಲೆಂಡರ್. "ಫಾಸ್ಟಿಂಗ್ ಇದೀರಾ ಸರ್? ಕಾಫಿ ಕುಡಿದಿಲ್ಲ ತಾನೇ?" ಎಂದು ಕೇಳುತ್ತಲೇ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಬೂದು ಮುಚ್ಚಳದ ಟ್ಯೂಬು ಸಕ್ಕರೆಗೆ, ನೇರಳೆ ಮುಚ್ಚಳದ್ದು ಎಚ್‌ಬಿಎ1ಸಿಗೆ, ಹಳದಿಯದು ಕ್ರಿಯಾಟಿನೈನ್, ಕೊಲೆಸ್ಟ್ರಾಲ್‌ಗೆ.

ಕೌಂಟರಿನ ಮುಂದೆ ನಿವೃತ್ತ ಮೇಷ್ಟ್ರೊಬ್ಬರು ಎರಡು ರಿಪೋರ್ಟು ಹಿಡಿದು ನಿಂತಿದ್ದಾರೆ. "ಮಲ್ಲೇಶ್ವರದಲ್ಲಿ ಮಗಳ ಮನೆಗೆ ಹೋಗಿದ್ದಾಗ ಮಾಡಿಸಿದ ಎಚ್‌ಬಿಎ1ಸಿ 6.8. ಹದಿನೈದು ದಿನ ಆಗಿಲ್ಲ, ನಿಮ್ಮಲ್ಲಿ 7.1 ಬಂದಿದೆ. ಚಾಮರಾಜಪೇಟೆಯ ಡಾಕ್ಟರಿಗೆ ಯಾವುದನ್ನ ತೋರಿಸಲಮ್ಮಾ?"

ಈ ಪ್ರಶ್ನೆಗೆ ಉತ್ತರ ಹಿಂದಿನ ಕೋಣೆಯಲ್ಲಿದೆ. ಅಲ್ಲಿ ಹಿರಿಯ ಟೆಕ್ನಿಷಿಯನ್ ಮೊದಲ ರೋಗಿಗಿಂತ ಮುಂಚೆಯೇ ಬಂದು ಕೆಲಸಕ್ಕೆ ಕೂತಿದ್ದಾರೆ. ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆಯಲ್ಲಿ ಮೊದಲು ಉಷ್ಣತೆ ಬರೆಯುತ್ತಾರೆ. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಆಮೇಲೆ ಒಂದು ಪುಟ್ಟ ಗಾಜಿನ ಸೀಸೆ ಹೊರಬರುತ್ತದೆ. ತಳದಲ್ಲಿ ತಿಳಿ ಹಳದಿ ಪುಡಿ: ಸೀರಮ್ಮನ್ನು ಹೆಪ್ಪುಗಟ್ಟಿಸಿ, ತೇವ ಹೀರಿ ಒಣಗಿಸಿದ್ದು. ಅದಕ್ಕೆ ಪಿಪೆಟ್ಟಿನಿಂದ 5 ಮಿಲಿಲೀಟರ್ ಶುದ್ಧ ನೀರು. ಹನಿಯೊಂದು, ಅಂದರೆ ಸುಮಾರು 0.05 ಮಿಲಿಲೀಟರ್, ಹೆಚ್ಚು ಬಿದ್ದರೆ ಸೀಸೆಯೊಳಗಿನ ಸಕ್ಕರೆ, ಯೂರಿಯಾ, ಕೊಲೆಸ್ಟ್ರಾಲ್ ಎಲ್ಲದರ ಅಂಕಿಯೂ ಶೇ 1ರಷ್ಟು ಕುಸಿಯುತ್ತದೆ. ನೀರು ಬಿಟ್ಟ ಮೇಲೆ ಅರ್ಧ ಗಂಟೆ ಕಾಯಬೇಕು. ನಂತರ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಕುಲುಕುವಂತಿಲ್ಲ, ನೊರೆ ಏಳುವಂತಿಲ್ಲ.

ಇದಕ್ಕೆ ಲ್ಯಾಬಿನವರು ಕಂಟ್ರೋಲ್ ಎನ್ನುತ್ತಾರೆ. ಇದರಲ್ಲಿ ಎಷ್ಟು ಸಕ್ಕರೆ ಇದೆ ಎಂಬುದು ಮೊದಲೇ ಗೊತ್ತು. ಯಂತ್ರ ಅಷ್ಟನ್ನೇ ಹೇಳುತ್ತದೆಯೇ ಎಂಬುದು ಪರೀಕ್ಷೆ. ಅದರ ಪಕ್ಕದ ಸೀಸೆ ಕ್ಯಾಲಿಬ್ರೇಟರ್. ಯಂತ್ರಕ್ಕೆ ಲೆಕ್ಕ ಕಲಿಸುವುದು ಕ್ಯಾಲಿಬ್ರೇಟರ್, ಕಲಿತದ್ದನ್ನು ಒಪ್ಪಿಸಿಕೊಳ್ಳುವುದು ಕಂಟ್ರೋಲ್. ಒಂದರ ಕೆಲಸಕ್ಕೆ ಇನ್ನೊಂದನ್ನು ಬಳಸುವುದಿಲ್ಲ. ಕಂಟ್ರೋಲಿನ ಫಲಿತಾಂಶ ದಿನವೂ ಚುಕ್ಕಿಯಾಗಿ ನಕ್ಷೆಯ ಮೇಲೆ ಕೂರುತ್ತದೆ. ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ಲ್ಯಾಬುಗಳಿಗೆ ತಂದ ನಕ್ಷೆ ಇದು. ಚುಕ್ಕಿ ಮಿತಿ ದಾಟಿತೋ, ಕಾರಣ ಸಿಗುವವರೆಗೆ ಆ ಪರೀಕ್ಷೆಯ ಒಂದು ರಿಪೋರ್ಟೂ ಆಚೆ ಹೋಗಬಾರದು.

ಹಾಗಾದರೆ ಕ್ಯಾಲಿಬ್ರೇಟರಿಗೆ ಅದರ ಅಂಕಿ ಕೊಟ್ಟವರು ಯಾರು? ಸೀಸೆಯ ಜೊತೆ ಬಂದ ಹಾಳೆಯನ್ನು ಬಿಡಿಸಿದರೆ ವಂಶಾವಳಿ ತೆರೆದುಕೊಳ್ಳುತ್ತದೆ. ಈ ಸೀಸೆಯ ಅಂಕಿ ಬಂದದ್ದು ತಯಾರಕರ ಮೂಲ ಕ್ಯಾಲಿಬ್ರೇಟರಿನಿಂದ; ಅದರ ಅಂಕಿ ಮಾಸ್ ಸ್ಪೆಕ್ಟ್ರೋಮೀಟರ್ ಬಳಸುವ ಉನ್ನತ ವಿಧಾನದಿಂದ; ಆ ವಿಧಾನದ ಆಧಾರ ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ಎನ್‌ಐಎಸ್‌ಟಿ ಕೊಡುವ ಪರಿಶುದ್ಧ ಗ್ಲೂಕೋಸ್ ಹರಳು, ಎಸ್‌ಆರ್‌ಎಂ 917. ಕೊಲೆಸ್ಟ್ರಾಲಿಗೆ ಎಸ್‌ಆರ್‌ಎಂ 911, ಕ್ರಿಯಾಟಿನೈನಿಗೆ 914. ಇವೇ ಆಕರ ದ್ರವ್ಯಗಳು. ಪ್ರತಿ ಮೆಟ್ಟಿಲಿನಲ್ಲೂ ಎಷ್ಟು ಅನಿಶ್ಚಿತತೆ ಸೇರಿತು ಎಂಬ ಲೆಕ್ಕದೊಂದಿಗೆ, ಎಲ್ಲೂ ಕಡಿಯದ ಈ ಸರಪಳಿ ಹೇಗಿರಬೇಕೆಂದು ಐಎಸ್‌ಒ 17511 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ.

ಸರಪಳಿಯ ಇನ್ನೊಂದು ಎಳೆ ಗಾಂಧಿ ಬಜಾರಿನೊಳಗೇ ಹಾದುಹೋಗುತ್ತದೆ. ಟೆಕ್ನಿಷಿಯನ್ ಕೈಯಲ್ಲಿರುವ ಪಿಪೆಟ್ಟನ್ನು ಪರೀಕ್ಷಿಸುವುದು ನೀರು ತೂಗಿ: 100 ಮೈಕ್ರೋಲೀಟರ್ ನೀರು ಸೂಕ್ಷ್ಮ ತಕ್ಕಡಿಯಲ್ಲಿ ಸುಮಾರು 0.1 ಗ್ರಾಂ ತೂಗಬೇಕು. ಆ ತಕ್ಕಡಿಯ ಬಟ್ಟು, ಎದುರಿನ ದಿನಸಿ ಅಂಗಡಿಯಲ್ಲಿ ತೂಕ-ಅಳತೆ ಇಲಾಖೆಯ ಮುದ್ರೆ ಬಿದ್ದ ಬಟ್ಟು, ಎರಡರ ಮೂಲವೂ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೇ. ಭಾರತದ ಕಿಲೋಗ್ರಾಂ ಪ್ರತಿ, 57ನೇ ಸಂಖ್ಯೆಯದು, ಅಲ್ಲಿದೆ. 1958ರ ಅಕ್ಟೋಬರ್ 1ರಿಂದ ದೇಶದಲ್ಲಿ ಮೆಟ್ರಿಕ್ ತೂಕ ಜಾರಿಗೆ ಬರತೊಡಗಿತು. ಸೇರು, ಪಾವು, ಚಟಾಕುಗಳು ಹಿಂದೆ ಸರಿದವು. ತೊಗರಿಬೇಳೆಗೆ ಸಿಕ್ಕ ಆ ನ್ಯಾಯ ರಕ್ತಕ್ಕೆ ಸಿಗಲು ಇನ್ನೂ ಬಹಳ ಕಾಲ ಹಿಡಿಯಿತು.

ಎಚ್‌ಬಿಎ1ಸಿಯನ್ನೇ ನೋಡಿ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಮಂದಿ ಟೈಪ್ 1 ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 1993ರಲ್ಲಿ ಮುಗಿದಾಗ, ಈ ಅಂಕಿ ತಗ್ಗಿದರೆ ಕಣ್ಣು, ಮೂತ್ರಪಿಂಡ, ನರಗಳ ತೊಂದರೆಯೂ ತಗ್ಗುತ್ತದೆ ಎಂಬುದು ಖಚಿತವಾಯಿತು. ಆದರೆ ಆಗ ಒಂದೊಂದು ವಿಧಾನ ಒಂದೊಂದು ಅಂಕಿ ಕೊಡುತ್ತಿತ್ತು. ಎಲ್ಲವನ್ನೂ ಆ ಅಧ್ಯಯನದ ಅಂಕಿಗೆ ಹೊಂದಿಸಲು 1996ರಲ್ಲಿ ಎನ್‌ಜಿಎಸ್‌ಪಿ ಎಂಬ ಕಾರ್ಯಕ್ರಮ ಶುರುವಾಯಿತು. ಇಂದು ಒಂದು ವಿಧಾನಕ್ಕೆ ಅದರ ಪ್ರಮಾಣಪತ್ರ ಬೇಕೆಂದರೆ 40 ಸ್ಯಾಂಪಲ್‌ಗಳಲ್ಲಿ ಕನಿಷ್ಠ 36, ಆಕರ ಪ್ರಯೋಗಾಲಯದ ಅಂಕಿಗಿಂತ ಶೇ 5ರೊಳಗಿನ ವ್ಯತ್ಯಾಸದಲ್ಲಿರಬೇಕು. ನಿಜವಾದ ಅಂಕಿ 7 ಇದ್ದರೆ, 6.65ರಿಂದ 7.35ರವರೆಗೆ ಬಂದದ್ದೆಲ್ಲ ಒಪ್ಪಿತ.

ಟೆಕ್ನಿಷಿಯನ್ ಹೊರಗೆ ಬಂದು ಎರಡೂ ರಿಪೋರ್ಟು ನೋಡಿ ಮೇಷ್ಟ್ರಿಗೆ ಹೇಳಿದ್ದೂ ಅದನ್ನೇ: "ಇಷ್ಟು ವ್ಯತ್ಯಾಸಕ್ಕೆ ಗಾಬರಿ ಬೇಡ ಸರ್. ಎರಡನ್ನೂ ಡಾಕ್ಟರಿಗೆ ತೋರಿಸಿ. ಮುಂದೆ ಏರ್ತಾ ಇದೆಯೋ ಇಳೀತಾ ಇದೆಯೋ ಗೊತ್ತಾಗಬೇಕು ಅಂದ್ರೆ ಒಂದೇ ಕಡೆ ಮಾಡಿಸಿ."

ಎಲ್ಲ ಪರೀಕ್ಷೆಗೂ ಇಂಥ ಗಟ್ಟಿ ಸರಪಳಿ ಇಲ್ಲ. ಗ್ಲೂಕೋಸ್ ಒಂದೇ ಬಗೆಯ ಅಣು, ತೂಗಿ ಹೇಳಬಹುದು. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಹಾಗಲ್ಲ. ಅದರ ಅಣುಗಳಿಗೆ ಹಲವು ರೂಪ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಾದರಿ ಸೀಸೆಯನ್ನು ಇಟ್ಟುಕೊಂಡು 'ಅಂತರರಾಷ್ಟ್ರೀಯ ಯೂನಿಟ್' ಎಂದು ಎಣಿಸುತ್ತಾರೆ. ಬೇರೆ ಬೇರೆ ಕಂಪನಿಯ ಕಿಟ್‌ಗಳು ಬೇರೆ ಬೇರೆ ಅಂಕಿ ಕೊಡುವುದು ಇಂಥ ಕಡೆಯೇ ಹೆಚ್ಚು.

ಲ್ಯಾಬು ತನ್ನ ಬೆನ್ನು ತಾನೇ ತಟ್ಟಿಕೊಂಡರೆ ಸಾಲದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವಂಥ ಹೊರ ಪರೀಕ್ಷೆಗಳಲ್ಲಿ ಉತ್ತರ ಗೊತ್ತಿಲ್ಲದ ಸೀಸೆ ಬರುತ್ತದೆ. ಅಳೆದು ಕಳಿಸಿದ ಅಂಕಿಯನ್ನು ದೇಶದ ಇತರ ಲ್ಯಾಬುಗಳ ಅಂಕಿಯ ಜೊತೆ ಹೋಲಿಸುತ್ತಾರೆ. ವೈದ್ಯಕೀಯ ಲ್ಯಾಬುಗಳ ಮಾನದಂಡ ಐಎಸ್‌ಒ 15189ರ ಪ್ರಕಾರ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಮಾನ್ಯತೆ ಕೊಡುವಾಗ ಇದನ್ನೂ, ಕ್ಯಾಲಿಬ್ರೇಷನ್ನಿನ ಸರಪಳಿಯನ್ನೂ ನೋಡುತ್ತದೆ. ಈ ಮಾನ್ಯತೆ ಒಂದೊಂದು ಪರೀಕ್ಷೆಗೂ ಪ್ರತ್ಯೇಕ. ಬಾಗಿಲ ಮೇಲೆ ಮುದ್ರೆ ಇದ್ದ ಮಾತ್ರಕ್ಕೆ ಒಳಗಿನ ಪ್ರತಿ ಪರೀಕ್ಷೆಗೂ ಮಾನ್ಯತೆ ಇದೆ ಎಂದಲ್ಲ.

ಆದ್ದರಿಂದ ಮುಂದಿನ ಸಲ ರಕ್ತ ಕೊಡುವಾಗ ಸಂಕೋಚ ಬಿಟ್ಟು ಕೇಳಿ: ನನ್ನ ಈ ಪರೀಕ್ಷೆಗೆ ಮಾನ್ಯತೆ ಇದೆಯೇ? ಯಾವ ವಿಧಾನ? ಇಂದಿನ ಕಂಟ್ರೋಲ್ ಸರಿ ಬಂದಿದೆಯೇ? ಹಳೆಯ ರಿಪೋರ್ಟುಗಳನ್ನು ಜೋಪಾನ ಮಾಡಿ. ಸಾಧ್ಯವಾದಷ್ಟೂ ಲ್ಯಾಬು ಬದಲಿಸಬೇಡಿ. ಮಾತ್ರೆಯ ಪ್ರಮಾಣ ನಿರ್ಧಾರವಾಗುವುದು ಆ ಅಂಕಿಯಿಂದ. ಅದರ ಮೂಲ ಕೇಳುವುದು ರೋಗಿಯ ಹಕ್ಕು, ತೋರಿಸುವುದು ಲ್ಯಾಬಿನ ಹೊಣೆ.